ಅರಗಿನ ತಟ್ಟೆಯ ಋಣ

1902ರಲ್ಲಿ ಕಲಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗಾಗಿ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನೂ ಸಾರಿ ಹೇಳಿದರು. 1930ರಲ್ಲಿ ಅವರು ಮೈಸೂರಿನಲ್ಲಿ ಕಣ್ಮುಚ್ಚಿದರು, ದನಿ ಉಳಿಯಿತು. ಅವರಷ್ಟು ಕೀರ್ತಿ ಪಡೆಯದ ರಂಗಗಾಯಕರ, ಹರಿಕಥೆ ದಾಸರ ತಟ್ಟೆಗಳ ಗತಿಯೇನು? ಎಷ್ಟೋ ಸಂಗ್ರಾಹಕರ ಪೆಟ್ಟಿಗೆಗಳಲ್ಲಿ ಮೂಕವಾಗಿ ಮಲಗಿವೆ. ಬಚ್ಚಿಟ್ಟಷ್ಟೂ ಬೆಲೆ ಹೆಚ್ಚುವುದೆಂಬುದು ಕೆಲವರ ಎಣಿಕೆ. ಆದರೆ ಅರಗಿನ ತಟ್ಟೆ ಒಮ್ಮೆ ಕೈಜಾರಿದರೆ ಮೂರು ನಿಮಿಷದ ಆ ಗಾನ ಮರಳಿ ಬಾರದು. ನಮ್ಮ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ತೀರುತ್ತದೆ. ಆಮೇಲೆ ದೊಡ್ಡ ಅಡ್ಡಿ ನಮ್ಮ ಲೋಭವೇ. ಕಾಪಾಡಿದವರಿಗೆ ನಾಡು ಋಣಿ, ನಿಜ. ಪ್ರತಿ ತೆಗೆದು ಹಂಚಿದಾಗಲೇ ಆ ಕಾಪಿಗೆ ಅರ್ಥ. ಯಾರೂ ಕೇಳದಂತೆ ಬಚ್ಚಿಟ್ಟ ತಟ್ಟೆಗೂ ಒಡೆದ ತಟ್ಟೆಗೂ ಭೇದವೇನು?