ಹಾಡಿನ ತಟ್ಟೆಗೆ ಹಿಡಿದ ಒರೆಗಲ್ಲು

ಸಂಜೆಯ ಕಾಫಿಯಾದ ಮೇಲೆ ಒಂದು ಮನೆಯ ಪಡಸಾಲೆಯಲ್ಲಿ ವಾದವೊಂದು ಹುಟ್ಟುತ್ತದೆ. ಅಮೆರಿಕದ ಗಾಯಕ ಮೈಕೇಲ್ ಜಾಕ್ಸನ್ನನ ‘ಥ್ರಿಲ್ಲರ್’ ಎಂಬ ಆಲ್ಬಂ ಎಷ್ಟು ಪ್ರತಿ ಮಾರಾಟವಾಯಿತು? ಕಾಲೇಜಿಗೆ ಹೋಗುವ ಮಗನು ಹತ್ತು ಕೋಟಿ ಎನ್ನುತ್ತಾನೆ. ಆರೂವರೆ ಕೋಟಿಯೆಂದು ಎಲ್ಲಿಯೋ ಓದಿದ ನೆನಪು ಅವನ ಅಕ್ಕನಿಗೆ. ತಂದೆಯವರು ಪತ್ರಿಕೆಯಿಂದ ತಲೆಯೆತ್ತಿ, “ವಿಶ್ವಕೋಶ ತೆಗೆದು ನೋಡ್ರೋ, ಜಗಳ ಮುಗೀಲಿ” ಎಂದು ತೀರ್ಪು ಕೊಡುತ್ತಾರೆ. ಅಂಗೈಯಗಲದ ಯಂತ್ರದಲ್ಲಿ ವಿಶ್ವಕೋಶ ತೆರೆಯುತ್ತದೆ, ಜಗಳವೂ ಮುಗಿಯುತ್ತದೆ. ಆದರೆ ಆ ಅಂಕಿಯನ್ನು ಅಲ್ಲಿ ಬರೆದವರು ಯಾರು, ಬರೆದದ್ದು ಸರಿಯೆಂದು ನೋಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಪಡಸಾಲೆಯಲ್ಲಿ ಏಳುವುದೇ ಇಲ್ಲ.

ಹಿಂದಿನ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಾಗಿತ್ತು. 1768ರಲ್ಲಿ ಸ್ಕಾಟ್‌ಲೆಂಡಿನ ಎಡಿನ್‌ಬರೋ ನಗರದಲ್ಲಿ ಬಿಡಿಬಿಡಿ ಭಾಗಗಳಾಗಿ ಹೊರಬರತೊಡಗಿದ ‘ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ’ ಮುಂದೆ ದೊಡ್ಡ ಪಂಡಿತರ ಲೇಖನಿಯಿಂದಲೇ ತನ್ನ ಲೇಖನಗಳನ್ನು ಬರೆಯಿಸಿಕೊಂಡಿತು. ಪಂಡಿತರ ಹೆಸರೇ ಪ್ರಮಾಣ. ಅದರ ಪ್ರಕಾಶಕರು 2012ರಲ್ಲಿ ಮುದ್ರಿತ ಸಂಪುಟಗಳನ್ನು ನಿಲ್ಲಿಸುವುದಾಗಿ ಸಾರಿದರು. ಆ ವೇಳೆಗೆ, 2001ರ ಜನವರಿ 15ರಂದು ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬ ಇಬ್ಬರು ಅಮೆರಿಕನ್ನರು ಆರಂಭಿಸಿದ್ದ ‘ವಿಕಿಪೀಡಿಯ’ ಲೋಕವ್ಯಾಪಿಯಾಗಿತ್ತು. ಇದರಲ್ಲಿ ಯಾರು ಬೇಕಾದರೂ ಬರೆಯಬಹುದು. ಯಾರು ಬೇಕಾದರೂ ತಿದ್ದಬಹುದು. ಪಂಡಿತನ ಹೆಸರು ಇಲ್ಲಿ ಪ್ರಮಾಣವಲ್ಲ. ಹಾಗಾದರೆ ಪ್ರಮಾಣ ಯಾವುದು? ಪ್ರತಿಯೊಂದು ಮಾತಿಗೂ ಆಧಾರ ತೋರಿಸಬೇಕೆಂಬ ನಿಯಮ, ಮತ್ತು ಆ ಆಧಾರವನ್ನು ಇನ್ನೊಬ್ಬನು ತೆರೆದು ನೋಡುವ ತಾಳ್ಮೆ. ಈ ಎರಡನೆಯದು ಇಲ್ಲವಾದರೆ ಮೊದಲನೆಯದಕ್ಕೆ ಅರ್ಥವಿಲ್ಲ.

ಆ ತಾಳ್ಮೆಯ ಕೆಲಸ ನಡೆಯುವ ಬಗೆಯನ್ನು ಥ್ರಿಲ್ಲರ್‌ನಂಥ ಆಲ್ಬಮ್ಮಿನ ಲೇಖನವನ್ನೇ ಮುಂದಿಟ್ಟುಕೊಂಡು ನೋಡಬಹುದು. ಹಾಡಿನ ತಟ್ಟೆಯೊಂದಕ್ಕೆ ಇಷ್ಟು ವಿಚಾರಣೆಯೇ ಎಂದು ಹಿರಿಯರು ನಗಬಹುದು. ಆದರೆ ಹಳೆಯ ಶಾಸನಕ್ಕಿಂತ ಹೊಸ ಹಾಡಿನ ವಿಷಯದಲ್ಲಿಯೇ ಉತ್ಪ್ರೇಕ್ಷೆ ಹೆಚ್ಚು. ಅಲ್ಲಿ ವ್ಯಾಪಾರದ ಹಿತವಿದೆ, ಅಭಿಮಾನದ ಕಾವೂ ಇದೆ. ಒರೆಗಲ್ಲಿನ ಅಗತ್ಯ ಇರುವುದೇ ಅಂಥಲ್ಲಿ.

ಅಭಿಮಾನಿಯ ಮೊದಲ ಬರಹ

ಗಾಯಕನ ಅಭಿಮಾನಿಯಾದ ತರುಣನೊಬ್ಬನು ತಿಂಗಳುಗಟ್ಟಲೆ ದುಡಿದು ಈ ಲೇಖನವನ್ನು ಬೆಳೆಸಿದನೆಂದು ಭಾವಿಸಬಹುದು. ಅವನಿಗೆ ಸಂಬಳವಿಲ್ಲ. ಲೇಖನದ ತಲೆಯ ಮೇಲೆ ಅವನ ಹೆಸರೂ ಬೀಳುವುದಿಲ್ಲ. ತನ್ನ ಬರಹಕ್ಕೆ ‘ಉತ್ತಮ ಲೇಖನ’ವೆಂಬ ಮನ್ನಣೆ ದೊರೆಯಲಿ ಎಂದು ಅವನು ಅದನ್ನು ಪರಿಶೀಲನೆಯ ಸಾಲಿನಲ್ಲಿ ನಿಲ್ಲಿಸುತ್ತಾನೆ. ಕೆಲವೊಮ್ಮೆ ತಿಂಗಳುಗಳೇ ಕಾಯಬೇಕಾಗುತ್ತದೆ. ಕೊನೆಗೊಬ್ಬ ಪರಿಶೀಲಕನು ಆ ಲೇಖನವನ್ನು ಕೈಗೆತ್ತಿಕೊಳ್ಳುತ್ತಾನೆ. ಅವನೂ ಸಂಬಳವಿಲ್ಲದವನೇ. ಆ ಲೇಖನದ ಬರವಣಿಗೆಯಲ್ಲಿ ಅವನ ಕೈ ಗಣನೀಯವಾಗಿ ಸೇರಿರಬಾರದೆಂಬುದು ನಿಯಮ.

ಅವನು ನೋಡಬೇಕಾದದ್ದು ಆರು ಅಂಶಗಳು. ಬರಹ ತಿಳಿಯಾಗಿದೆಯೆ? ಮಾತುಗಳಿಗೆ ಆಧಾರವಿದೆಯೆ? ವಿಷಯದ ಮುಖ್ಯ ಭಾಗಗಳೆಲ್ಲ ಬಂದಿವೆಯೆ? ನಿಷ್ಪಕ್ಷಪಾತವಾಗಿದೆಯೆ? ದಿನದಿನವೂ ಜಗಳದಿಂದ ಬದಲಾಗುತ್ತಿಲ್ಲವಷ್ಟೆ? ಚಿತ್ರಗಳು ಉಚಿತವಾಗಿಯೂ ನ್ಯಾಯವಾಗಿಯೂ ಇವೆಯೆ? ಕೇಳುವುದಕ್ಕೆ ಸುಲಭವಾದ ಪ್ರಶ್ನೆಗಳೇ; ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ತರುಣನ ಮೊದಲ ವಾಕ್ಯದಲ್ಲಿಯೇ ‘ಅದ್ವಿತೀಯ’ ಎಂದಿರುತ್ತದೆ, ಎರಡನೆಯದರಲ್ಲಿ ‘ಸಾರ್ವಕಾಲಿಕ ಶ್ರೇಷ್ಠ’ ಎಂದಿರುತ್ತದೆ.

ಪರಿಶೀಲಕನ ಪೆನ್ಸಿಲು ಮೊದಲು ತಾಗುವುದು ಈ ವಿಶೇಷಣಗಳಿಗೆ. ವಿಶ್ವಕೋಶವು ತಾನೇ ಹೊಗಳಬಾರದು. ಹೊಗಳಿದವರು ಯಾರೆಂಬುದನ್ನು ಹೇಳಬಹುದು. ಬಿಲ್‌ಬೋರ್ಡ್ ಪತ್ರಿಕೆಯ ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಅದು 37 ವಾರ ಅಗ್ರಸ್ಥಾನದಲ್ಲಿತ್ತು. ಅದರ ಒಂಬತ್ತು ಹಾಡುಗಳಲ್ಲಿ ಏಳು ಅದೇ ದೇಶದ ಬಿಡಿಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದವು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು 2008ರಲ್ಲಿ ಆ ಆಲ್ಬಮ್ಮನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ ಸೇರಿಸಿಕೊಂಡಿತು. ಈ ಮೂರು ಮಾತುಗಳನ್ನು ಬರೆದರೆ ಸಾಕು, ‘ಅದ್ವಿತೀಯ’ ಎಂಬ ಪದವನ್ನು ಓದುಗನು ತಾನೇ ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾನೆ.

ಅಂಕಿಗಳ ಕಾಡು

ಬಳಿಕ ಅಂಕಿಗಳ ಸರದಿ. ಬಿಡುಗಡೆಯ ದಿನವೆಂದು ಕೆಲವೆಡೆ 1982ರ ನವೆಂಬರ್ 29 ಎಂದಿದೆ, ಕೆಲವೆಡೆ 30 ಎಂದಿದೆ. ಒಂದು ದಿನದ ವ್ಯತ್ಯಾಸದಿಂದ ಯಾರಿಗೂ ನಷ್ಟವಿಲ್ಲ, ನಿಜ. ಆದರೆ ಲೇಖನದ ಮೇಲ್ಭಾಗದಲ್ಲಿ ಒಂದು ದಿನಾಂಕವೂ ಒಳಭಾಗದಲ್ಲಿ ಇನ್ನೊಂದೂ ಇದ್ದರೆ ಉಳಿದ ಅಂಕಿಗಳನ್ನು ನಂಬುವವರಾರು? ಯಾವುದನ್ನು ಏಕೆ ಆರಿಸಲಾಯಿತೆಂದು ಚರ್ಚೆಯ ಪುಟದಲ್ಲಿ ಬರೆದಿಡಬೇಕು.

ಮಾರಾಟದ ಲೆಕ್ಕ ಇನ್ನೂ ತೊಡಕಿನದು. ಜಗತ್ತಿನಲ್ಲಿ ಅತ್ಯಧಿಕವಾಗಿ ಮಾರಾಟವಾದ ಆಲ್ಬಂ ಇದೆಂದು ಸಾಮಾನ್ಯವಾಗಿ ಎಲ್ಲರೂ ಒಪ್ಪುತ್ತಾರೆ. ಆದರೆ ಎಷ್ಟು ಎಂದೊಡನೆ ಆರು ಕೋಟಿಯಿಂದ ಹತ್ತು ಕೋಟಿಗೂ ಮೇಲ್ಪಟ್ಟು ಅಂಕಿಗಳು ಓಡಾಡುತ್ತವೆ. ಪ್ರಪಂಚದ ಎಲ್ಲ ಅಂಗಡಿಗಳ ಲೆಕ್ಕವನ್ನು ಒಂದೇ ಖಾತೆಯಲ್ಲಿ ಬರೆದಿಟ್ಟವರು ಯಾರೂ ಇಲ್ಲದಿರುವುದೇ ಇದರ ಕಾರಣ. ಅಮೆರಿಕದೊಳಗಿನ ಲೆಕ್ಕಕ್ಕೆ ಮಾತ್ರ ಅಲ್ಲಿಯ ಧ್ವನಿಮುದ್ರಣೋದ್ಯಮ ಸಂಘದ ಪ್ರಮಾಣಪತ್ರವಿದೆ. 2021ರಲ್ಲಿ ಅದು ಥ್ರಿಲ್ಲರ್‌ಗೆ 3 ಕೋಟಿ 40 ಲಕ್ಷದ ಪ್ರಮಾಣ ಕೊಟ್ಟಿತು. ಇಲ್ಲಿಯೂ ಒಂದು ಸೂಕ್ಷ್ಮವಿದೆ. 2016ರಿಂದ ಆ ಸಂಘವು ಅಂತರಜಾಲದಲ್ಲಿ ಹಾಡು ಕೇಳಿದ್ದನ್ನೂ ಲೆಕ್ಕಕ್ಕೆ ಸೇರಿಸಿ, ಸಾವಿರದ ಐನೂರು ಸಲ ಕೇಳಿದ್ದನ್ನು ಒಂದು ಆಲ್ಬಮ್ಮಿಗೆ ಸಮವೆಂದು ಎಣಿಸುತ್ತ ಬಂದಿದೆ. ಆದ್ದರಿಂದ ‘ಅಷ್ಟು ತಟ್ಟೆಗಳು ಅಂಗಡಿಯಲ್ಲಿ ಮಾರಾಟವಾದವು’ ಎಂದು ಬರೆಯುವುದು ತಪ್ಪು. ಇನ್ನೂ ಒಂದು ಮಾತು: 2018ರ ಆಗಸ್ಟಿನಲ್ಲಿ ‘ಈಗಲ್ಸ್’ ತಂಡದ ಹಳೆಯ ಹಾಡುಗಳ ಸಂಕಲನವೊಂದು 3 ಕೋಟಿ 80 ಲಕ್ಷದ ಪ್ರಮಾಣ ಪಡೆದು ಅಮೆರಿಕದಲ್ಲಿ ಥ್ರಿಲ್ಲರನ್ನು ಹಿಂದಿಕ್ಕಿತು. ಅಭಿಮಾನಿಯು ಈ ವಾಕ್ಯವನ್ನು ಬರೆಯಲು ಮರೆತಿರುತ್ತಾನೆ. ಮರೆತನೋ, ಮನಸ್ಸು ಬಾರದೆ ಬಿಟ್ಟನೋ ಎಂದು ಪರಿಶೀಲಕನು ಕೇಳುವುದಿಲ್ಲ. ಸೇರಿಸಬೇಕೆಂದು ಮಾತ್ರ ಸೂಚಿಸುತ್ತಾನೆ.

ಬಹುಮಾನಗಳ ಲೆಕ್ಕವಂತೂ ಸೊಗಸಾದ ಸಮಸ್ಯೆ. 1984ರ ಫೆಬ್ರವರಿ 28ರ ರಾತ್ರಿ ಜಾಕ್ಸನ್ನನಿಗೆ ಎಂಟು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ‘ಥ್ರಿಲ್ಲರ್‌ಗೆ ಎಂಟು ಗ್ರ್ಯಾಮಿ’ ಎಂದೂ ಎಲ್ಲೆಡೆ ಓದುತ್ತೇವೆ. ಎರಡೂ ಎಂಟೇ, ಆದರೆ ಎರಡೂ ಒಂದೇ ಎಂಟಲ್ಲ! ಗಾಯಕನ ಎಂಟರಲ್ಲಿ ಒಂದು, ‘ಇ.ಟಿ.’ ಚಲನಚಿತ್ರದ ಕಥೆಯನ್ನು ಮಕ್ಕಳಿಗಾಗಿ ಓದಿದ ಬೇರೆಯ ಧ್ವನಿಮುದ್ರಿಕೆಗೆ ಸಂದದ್ದು. ಅದನ್ನು ಕಳೆದರೆ ಏಳು ಉಳಿಯುತ್ತವೆ. ಥ್ರಿಲ್ಲರ್‌ನ ಎಂಟನೆಯದು ಧ್ವನಿಮುದ್ರಣದ ಕೌಶಲಕ್ಕಾಗಿ ಇಂಜಿನಿಯರ್ ಬ್ರೂಸ್ ಸ್ವೀಡಿಯನ್ನನಿಗೆ ಬಂದದ್ದು. ಅಂಕಿ ಸರಿಯಿದೆಯೆಂದು ಕಣ್ಣುಮುಚ್ಚಿ ಮುಂದೆ ಹೋದವನು, ಒಬ್ಬ ಕುಶಲಕರ್ಮಿಯ ಬಹುಮಾನವನ್ನು ಅವನ ಕೈಯಿಂದ ಕಿತ್ತು ಇನ್ನೊಬ್ಬನ ಮಡಿಲಿಗೆ ಹಾಕಿದಂತಾಗುತ್ತದೆ.

ತೆರೆಯ ಹಿಂದಿನವರು

ಈ ಪರಿಶೀಲನೆಯ ನಿಜವಾದ ಬೆಲೆ ಇಲ್ಲಿಯೇ ಗೊತ್ತಾಗುವುದು. ಹೆಸರಾಂತ ಗಾಯಕನ ಹೆಸರು ಯಾರು ಮರೆತರೂ ಉಳಿಯುತ್ತದೆ. ಲಾಸ್ ಏಂಜಲೀಸ್ ನಗರದ ವೆಸ್ಟ್‌ಲೇಕ್ ಧ್ವನಿಮುದ್ರಣಾಲಯದಲ್ಲಿ 1982ರಲ್ಲಿ ಅವನೊಡನೆ ದುಡಿದವರ ಗತಿಯೇನು? ನಿರ್ಮಾಪಕ ಕ್ವಿನ್ಸಿ ಜೋನ್ಸ್‌ನ ಹೆಸರನ್ನು ಬಲ್ಲವರು ಹಲವರು. ಆದರೆ ಒಂಬತ್ತು ಹಾಡುಗಳಲ್ಲಿ ಜಾಕ್ಸನ್ ಬರೆದದ್ದು ನಾಲ್ಕು. ಹೆಸರಿನ ಹಾಡೂ ಸೇರಿದಂತೆ ಮೂರನ್ನು ಬರೆದವನು ಇಂಗ್ಲೆಂಡಿನ ರಾಡ್ ಟೆಂಪರ್ಟನ್ ಎಂಬುದನ್ನು ಎಷ್ಟು ಕೇಳುಗರು ಬಲ್ಲರು? ‘ಬೀಟ್ ಇಟ್’ ಹಾಡಿನ ಗಿಟಾರ್ ವಾದನವನ್ನು ಎಡ್ಡಿ ವ್ಯಾನ್ ಹೇಲೆನ್ ಸಂಭಾವನೆಯಿಲ್ಲದೆ ನುಡಿಸಿಕೊಟ್ಟನು. ಹೆಸರಿನ ಹಾಡಿನ ಕೊನೆಯಲ್ಲಿ ಮೈನವಿರೇಳುವಂತೆ ಮಾತನಾಡಿದವನು ಭಯಾನಕ ಚಿತ್ರಗಳ ನಟ ವಿನ್ಸೆಂಟ್ ಪ್ರೈಸ್. ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಕಲಾವಿದರ ಪಟ್ಟಿಯನ್ನು ಮೂಲ ತಟ್ಟೆಯ ಹೊದಿಕೆಯೊಡನೆ ಸಾಲುಸಾಲಾಗಿ ಹೋಲಿಸಿ ನೋಡುವುದು ಬೇಸರದ ಕೆಲಸವೇ. ಆದರೂ ಮಾಡಬೇಕಾದ ಕೆಲಸ.

ಹೊಗಳಿಕೆಯ ಲೇಖನದಲ್ಲಿ ಜಾಗ ಸಿಗದೆ ಹೊರಗೆ ನಿಂತವರೂ ಇರುತ್ತಾರೆ. ಆಲ್ಬಮ್ಮಿನ ಮೊದಲ ಹಾಡಿನ ಕೊನೆಯಲ್ಲಿ ಬರುವ ಪಲ್ಲವಿಯು, ಆಫ್ರಿಕದ ಕ್ಯಾಮರೂನ್ ದೇಶದ ಸಂಗೀತಗಾರ ಮನು ಡಿಬಾಂಗೋ 1972ರಲ್ಲಿ ಹೊರತಂದ ‘ಸೋಲ್ ಮಕೋಸ’ ಹಾಡನ್ನು ಹೋಲುತ್ತಿತ್ತು. ಆತನು ಆಕ್ಷೇಪಿಸಿದನು, ವ್ಯಾಜ್ಯವು ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ಅಭಿಮಾನಿಗೆ ಇದು ಕಹಿಯಾಗಿರಬಹುದು. ಆದರೆ ಇದನ್ನು ಬಿಟ್ಟ ಲೇಖನ ನಿಷ್ಪಕ್ಷಪಾತವೂ ಅಲ್ಲ, ಪೂರ್ಣವೂ ಅಲ್ಲ. ಹಾಗೆಂದು ಈ ಒಂದು ಸಂಗತಿಯನ್ನೇ ಎಳೆದು ಮೂರು ಪುಟ ಬರೆದರೆ ಅದೂ ಅನ್ಯಾಯವೇ. ಯಾವುದಕ್ಕೆ ಎಷ್ಟು ಸ್ಥಳವೆಂದು ತೂಗಿ ನೋಡುವುದು ಪರಿಶೀಲಕನ ವಿವೇಕಕ್ಕೆ ಬಿಟ್ಟದ್ದು.

ಅಂತೆಕಂತೆಗಳ ಸುಳಿ

ಆಧಾರವಿದೆಯೆಂದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಯಾರೋ ಆಧಾರವಿಲ್ಲದೆ ಒಂದು ಅಂಕಿಯನ್ನು ವಿಶ್ವಕೋಶದಲ್ಲಿ ಬರೆಯುತ್ತಾರೆ. ಅವಸರದಲ್ಲಿದ್ದ ಪತ್ರಕರ್ತನೊಬ್ಬನು ಅದನ್ನೆತ್ತಿಕೊಂಡು ಪತ್ರಿಕೆಯಲ್ಲಿ ಹಾಕುತ್ತಾನೆ. ಅನಂತರ ಬಂದವನು ಆ ಪತ್ರಿಕೆಯನ್ನೇ ವಿಶ್ವಕೋಶದಲ್ಲಿ ಆಧಾರವಾಗಿ ತೋರಿಸುತ್ತಾನೆ. ಸುಳ್ಳು ಒಂದು ಸುತ್ತು ಹೋಗಿ ಬಂದು ನಿಜದ ಅಂಗಿ ತೊಟ್ಟುಕೊಂಡಿತು! ಆದ್ದರಿಂದ ಪರಿಶೀಲಕನು ಕೆಲವು ಆಧಾರಗಳನ್ನಾದರೂ ತೆರೆದು, ವಾಕ್ಯದಲ್ಲಿರುವ ಮಾತು ಅಲ್ಲಿ ನಿಜವಾಗಿ ಇದೆಯೆ, ಆ ಬರಹದ ದಿನಾಂಕ ವಿಶ್ವಕೋಶದ ಮಾತಿಗಿಂತ ಹಿಂದಿನದೆ ಎಂದು ನೋಡಬೇಕಾಗುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಹಿರಿಯರ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಈ ಲೇಖನಗಳನ್ನು ಮನುಷ್ಯರಷ್ಟೇ ಅಲ್ಲದೆ ಉತ್ತರ ಹೇಳುವ ಯಂತ್ರಗಳೂ ಓದಿ ಕಲಿಯುವ ಕಾಲವಿದು. ಒಂದು ಕಡೆಯ ತಪ್ಪು ಸಾವಿರ ಕಡೆ ಪ್ರತಿಧ್ವನಿಸುತ್ತದೆ.

ಚಿತ್ರ ಮತ್ತು ಧ್ವನಿಯ ವಿಷಯದಲ್ಲಿ ನಿಯಮಗಳು ಬಿಗಿಯಾಗಿವೆ. ಆಲ್ಬಮ್ಮಿನ ಹೊದಿಕೆಯ ಚಿತ್ರಕ್ಕೆ ಒಡೆಯರಿದ್ದಾರೆ. ಆದ್ದರಿಂದ ಗುರುತಿಗೆ ಬೇಕಾದಷ್ಟು ಮಾತ್ರ, ಕಿರಿದಾಗಿ, ಕಾರಣ ಬರೆದು ಹಾಕಬೇಕು. ಹಾಡಿನ ತುಣುಕನ್ನು ಕೇಳಿಸುವುದಾದರೆ ಅದು ಮೂವತ್ತು ಸೆಕೆಂಡನ್ನೂ ಮೀರಬಾರದು, ಹಾಡಿನ ಹತ್ತನೆಯ ಒಂದು ಭಾಗವನ್ನೂ ಮೀರಬಾರದು. ‘ಬಿಲ್ಲಿ ಜೀನ್’ ಹಾಡು ಆಲ್ಬಮ್ಮಿನಲ್ಲಿ 4 ನಿಮಿಷ 54 ಸೆಕೆಂಡು. ಹಾಗಾದರೆ ತುಣುಕು 29 ಸೆಕೆಂಡಿಗೆ ನಿಲ್ಲಬೇಕು. ಜಿಪುಣತನವೆಂದು ತೋರಬಹುದು. ಪರರ ಸೊತ್ತಿನ ವಿಷಯದಲ್ಲಿ ಜಿಪುಣತನವೇ ಸಭ್ಯತೆ.

ಮುನಿಸು ಮತ್ತು ಮನ್ನಣೆ

ಇಷ್ಟೆಲ್ಲ ಆಕ್ಷೇಪಗಳನ್ನು ಸಾಲಾಗಿ ಬರೆದಿಟ್ಟ ಪುಟವನ್ನು ಕಂಡಾಗ ಆ ತರುಣನಿಗೆ ಹೇಗಾಗಬೇಡ? ತಿಂಗಳುಗಳ ದುಡಿಮೆಯನ್ನು ಅಪರಿಚಿತನೊಬ್ಬನು ಅರ್ಧ ದಿನದಲ್ಲಿ ಕೆದಕಿ ಹಾಕಿದನೆಂದು ಮುನಿಸು ಬರುವುದು ಸಹಜ. ಕೆಲವರು ಅಲ್ಲಿಯೇ ಕೈಚೆಲ್ಲಿ ಎದ್ದುಹೋಗುತ್ತಾರೆ. ಒಳ್ಳೆಯ ಬರಹಗಾರರನ್ನು ವಿಶ್ವಕೋಶ ಕಳೆದುಕೊಳ್ಳುವುದೂ ಹೀಗೆಯೇ. ಅದಕ್ಕಾಗಿ ಪರಿಶೀಲಕನ ಮಾತಿನಲ್ಲಿ ವಿನಯವಿರಬೇಕು. ‘ಇದು ತಪ್ಪು’ ಎಂಬುದಕ್ಕಿಂತ ‘ಈ ಮಾತು ಈ ಆಧಾರದಲ್ಲಿ ಕಾಣಲಿಲ್ಲ, ಬೇರೆ ಕಡೆ ಇದೆಯೆ?’ ಎಂಬುದು ಹೆಚ್ಚು ಫಲ ಕೊಡುತ್ತದೆ. ಸಣ್ಣ ಕಾಗುಣಿತದ ತಪ್ಪನ್ನು ಪಟ್ಟಿ ಮಾಡುವುದಕ್ಕಿಂತ ತಾನೇ ತಿದ್ದಿಬಿಡುವುದು ಲೇಸು. ಸಾಮಾನ್ಯವಾಗಿ ತಿದ್ದಲು ಏಳು ದಿನಗಳ ಅವಧಿ ಕೊಡುವುದು ವಾಡಿಕೆ. ಕೆಲಸ ಸಾಗುತ್ತಿದ್ದರೆ ಇನ್ನಷ್ಟು ಕಾಯುವವರೂ ಉಂಟು.

ತಿದ್ದುಗೆ ಮುಗಿದರೆ ಲೇಖನದ ಮೂಲೆಯಲ್ಲಿ ಸಣ್ಣದೊಂದು ಹಸಿರು ಚಿಹ್ನೆ ಮೂಡುತ್ತದೆ. ಅದಕ್ಕೂ ಮೇಲಿನ ಮೆಟ್ಟಿಲು ಕಂಚಿನ ಬಣ್ಣದ ನಕ್ಷತ್ರ. ಅದಕ್ಕೆ ಒಬ್ಬನಲ್ಲ, ಹಲವರು ಒರೆಹಚ್ಚಿ ನೋಡಿ ಒಪ್ಪಬೇಕು. ಎರಡೂ ಶಾಶ್ವತವಲ್ಲ. ಕಾಲಕ್ರಮದಲ್ಲಿ ಲೇಖನ ಸೊರಗಿದರೆ ಮರುವಿಚಾರಣೆ ನಡೆದು ಚಿಹ್ನೆ ಹೋಗಲೂಬಹುದು.

ಕನ್ನಡದಲ್ಲಿಯೂ ಈ ವಿಶ್ವಕೋಶ 2003ರಿಂದ ಬೆಳೆಯುತ್ತಿದೆ. ಹಾಡಿಗೂ ಸಿನಿಮಾಕ್ಕೂ ಪ್ರಾಣ ಬಿಡುವ ಅಭಿಮಾನಿಗಳಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಅವರಲ್ಲಿ ನಾಲ್ಕು ಮಂದಿ ಹೊಗಳಿಕೆಯ ಜೊತೆಗೆ ಹಳೆಯ ತಟ್ಟೆಯ ಹೊದಿಕೆಯನ್ನೂ ತಿರುವಿ ನೋಡಿ, ಯಾರು ಬರೆದರು, ಯಾರು ನುಡಿಸಿದರು, ಯಾವ ವರ್ಷ ಎಂದು ಆಧಾರಸಹಿತ ದಾಖಲಿಸಿದರೆ, ಮರೆವಿಗೆ ಸಲ್ಲಲಿರುವ ಎಷ್ಟೋ ವಾದ್ಯಗಾರರ ಹೆಸರುಗಳು ಉಳಿದಾವು.

ಪಡಸಾಲೆಯ ವಾದಕ್ಕೆ ಬಂದರೆ, ವಿಶ್ವಕೋಶ ತೆರೆದ ಮಗನಾಗಲಿ ಮಗಳಾಗಲಿ ಅಂಕಿಯನ್ನು ಓದಿ ಮುಚ್ಚಿಬಿಡಬೇಕಾಗಿಲ್ಲ. ಅದರ ಪಕ್ಕದಲ್ಲಿ ಸಣ್ಣದೊಂದು ಸಂಖ್ಯೆಯಿರುತ್ತದೆ. ಅದನ್ನು ಒತ್ತಿದರೆ ಆಧಾರ ತೆರೆಯುತ್ತದೆ. ಅಲ್ಲಿ ಆ ಮಾತು ಇದೆಯೆ ಎಂದು ಒಮ್ಮೆ ಓದಿ ನೋಡಲಿ. ಇಲ್ಲವಾದರೆ, ತಿದ್ದುವ ಅಧಿಕಾರ ಅವರ ಕೈಯಲ್ಲಿಯೂ ಇದೆ.