ಪಶ್ಚಿಮಘಟ್ಟದ ನಕ್ಷೆ: ವಿಜ್ಞಾನದ ಮಾತೆಷ್ಟು, ನೀತಿಯ ಮಾತೆಷ್ಟು?

ಪಶ್ಚಿಮಘಟ್ಟಗಳ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸಿ ಕೇಂದ್ರ ಸರ್ಕಾರವು 2024ರ ಜುಲೈ 31ರಂದು ಹೊರಡಿಸಿದ ಕರಡು ಅಧಿಸೂಚನೆಯು ಆ ಸರಣಿಯಲ್ಲಿ ಆರನೆಯದು. ಮೊದಲನೆಯದು 2014ರ ಮಾರ್ಚ್ ತಿಂಗಳಿನಲ್ಲಿ ಹೊರಬಿದ್ದಿತ್ತು. ಆರನೆಯ ಕರಡು ಬಂದ ಎರಡು ತಿಂಗಳೊಳಗೆ, ಸೆಪ್ಟೆಂಬರ್ 26ರಂದು, ಕರ್ನಾಟಕದ ಸಚಿವ ಸಂಪುಟವು ಡಾ. ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಲು ತೀರ್ಮಾನಿಸಿತು. ಮಲೆನಾಡು ಮತ್ತು ಕರಾವಳಿಯ ವಾಣಿಜ್ಯೋದ್ಯಮಿಗಳಲ್ಲಿ ಹಲವರಿಗೆ ಇದರಿಂದ ಸಮಾಧಾನವಾಗಿದ್ದಿರಬಹುದು. ಆದರೆ ಅಧಿಸೂಚನೆ ಹೊರಡಿಸುವ ಅಧಿಕಾರವಿರುವುದು ಕೇಂದ್ರಕ್ಕೆ. ಮೇಲಾಗಿ, ಕರಡು ಅಂತಿಮಗೊಳ್ಳುವ ಮೊದಲೇ, 2013ರ ನವೆಂಬರ್ 13ರಂದು ಕೇಂದ್ರ ಪರಿಸರ ಸಚಿವಾಲಯವು ನೀಡಿದ ನಿರ್ದೇಶನವು ಈ ಪ್ರದೇಶದಲ್ಲಿ ಹೊಸ ಗಣಿ, ಕಲ್ಲು ಕ್ವಾರಿ, ಉಷ್ಣ ವಿದ್ಯುತ್ ಸ್ಥಾವರ ಹಾಗೂ ಕೆಂಪು ವರ್ಗದ ಕೈಗಾರಿಕೆಗಳಿಗೆ ತಡೆಯೊಡ್ಡಿತು. ಬಂಡವಾಳ ಹೂಡುವವನಿಗೆ ಕಾನೂನು ಕಠಿಣವಾಗಿದ್ದರೂ ಲೆಕ್ಕ ಹಾಕಬಹುದು. ಹತ್ತು ವರ್ಷ ಕರಡಾಗಿಯೇ ಉಳಿಯುವ ಕಾನೂನಿಗೆ ಲೆಕ್ಕ ಹಾಕುವುದು ಕಷ್ಟ.

ಈ ವಿವಾದದಲ್ಲಿ ಎಲ್ಲ ಪಕ್ಷದವರೂ ವಿಜ್ಞಾನವನ್ನು ಸಾಕ್ಷಿಗೆ ಕರೆಯುತ್ತಾರೆ. ಸಾಕ್ಷಿ ಹೇಳಿದ್ದೇನು ಎಂದು ಕೇಳಿಸಿಕೊಂಡವರು ಮಾತ್ರ ವಿರಳ.

2011ರಲ್ಲಿ ವರದಿ ಸಲ್ಲಿಸಿದ ಪ್ರೊ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿಯು 1,29,037 ಚದರ ಕಿಲೋಮೀಟರ್‌ನಷ್ಟು ಘಟ್ಟಪ್ರದೇಶವನ್ನು ಇಡಿಯಾಗಿ ಸೂಕ್ಷ್ಮವೆಂದು ಪರಿಗಣಿಸಿ ಮೂರು ಸ್ತರಗಳಾಗಿ ವಿಂಗಡಿಸಿತು. 2013ರಲ್ಲಿ ಬಂದ ಕಸ್ತೂರಿರಂಗನ್ ವರದಿಯು 1,64,280 ಚದರ ಕಿಲೋಮೀಟರ್‌ನ ಪೈಕಿ 59,940 ಚದರ ಕಿಲೋಮೀಟರ್ ಪ್ರದೇಶವನ್ನು, ಅಂದರೆ ಸುಮಾರು ಶೇ. 37ರಷ್ಟನ್ನು ಮಾತ್ರ ಗುರುತಿಸಿತು. ಒಂದು ಕಠಿಣ ವಿಜ್ಞಾನ, ಇನ್ನೊಂದು ಮೃದು ವಿಜ್ಞಾನ ಎಂಬಂತೆ ಇದನ್ನು ವ್ಯಾಖ್ಯಾನಿಸುವುದು ವಾಡಿಕೆಯಾಗಿದೆ. ವಾಸ್ತವವಾಗಿ ಇವೆರಡೂ ಬೇರೆ ಬೇರೆ ಪ್ರಶ್ನೆಗಳಿಗೆ ದೊರೆತ ಉತ್ತರಗಳು. ಗಾಡ್ಗೀಳ್ ಸಮಿತಿಯು ಘಟ್ಟವನ್ನು ಸರಿಸುಮಾರು ಒಂಬತ್ತು ಕಿಲೋಮೀಟರ್ ಉದ್ದಗಲದ ಚೌಕಗಳಾಗಿ ವಿಭಜಿಸಿ, ಪ್ರತಿ ಚೌಕವೂ ಎಷ್ಟು ಸೂಕ್ಷ್ಮವೆಂದು ಕೇಳಿತು. ಕಸ್ತೂರಿರಂಗನ್ ತಂಡವು ತೋಟ, ಗದ್ದೆ, ಊರುಗಳನ್ನು ಬದಿಗಿರಿಸಿ, ಸಹಜ ಭೂದೃಶ್ಯ ಎಲ್ಲಿ ಉಳಿದಿದೆಯೆಂದು ಉಪಗ್ರಹ ಚಿತ್ರಗಳಲ್ಲಿ ಹುಡುಕಿತು. ಬಳಿಕ, ಒಂದು ಗ್ರಾಮದ ವಿಸ್ತೀರ್ಣದಲ್ಲಿ ಶೇ. 20ರಷ್ಟು ಅಂತಹ ಭೂಮಿಯಿದ್ದರೆ ಇಡೀ ಗ್ರಾಮವನ್ನೇ ಪಟ್ಟಿಗೆ ಸೇರಿಸಿತು.

ಕಾಡು ಎಲ್ಲಿದೆ ಎಂಬುದು ವಿಜ್ಞಾನದ ಮಾತು. ಶೇ. 20 ಎಂಬ ಗೆರೆ ನೀತಿಯ ಮಾತು, ಅದು ಶೇ. 30 ಅಥವಾ 50 ಏಕಾಗಬಾರದು ಎಂಬುದನ್ನು ಯಾವ ಉಪಗ್ರಹವೂ ಹೇಳಲಾರದು. ನಾಲ್ಕು ಪಾಲು ಕಾಫಿ, ಅಡಿಕೆ ಇರುವ ಗ್ರಾಮವೊಂದು ಒಂದು ಪಾಲು ಕಾಡಿನ ಕಾರಣದಿಂದ ಪಟ್ಟಿಗೆ ಸೇರಿದಾಗ ಅಲ್ಲಿನವರು ಆಕ್ಷೇಪಿಸುವುದು ನ್ಯಾಯವೇ ಸರಿ. ಆದರೆ ಆ ಆಕ್ಷೇಪವು ಗೆರೆಯ ಮೇಲಿರಬೇಕೇ ವಿನಾ ವರದಿಯೇ ಅವೈಜ್ಞಾನಿಕವೆಂಬ ಘೋಷಣೆಯಾಗಬಾರದು. ರೈತರನ್ನು ಒಕ್ಕಲೆಬ್ಬಿಸಲಾಗುವುದು ಎಂಬ ಪ್ರಚಾರವಂತೂ ವರದಿಯನ್ನು ತೆರೆದು ನೋಡದವರದು. ಕೃಷಿಗಾಗಲಿ ತೋಟಗಾರಿಕೆಗಾಗಲಿ ಅದರಲ್ಲಿ ನಿಷೇಧವಿಲ್ಲ. ಕಟ್ಟಡಗಳ ವಿಷಯದಲ್ಲಿಯೂ ಮಿತಿ ಅನ್ವಯವಾಗುವುದು 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ನಿರ್ಮಾಣಗಳಿಗೆ ಮಾತ್ರ.

ವರದಿಯ ಪರವಾಗಿರುವವರೂ ಈ ದೋಷದಿಂದ ಮುಕ್ತರಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಎರಡು ವಾರದ ನಂತರ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಕಸ್ತೂರಿರಂಗನ್ ವರದಿ ಜಾರಿಯಾಗಿದ್ದರೆ ಇದಾವುದೂ ಆಗುತ್ತಿರಲಿಲ್ಲ ಎಂಬ ಮಾತು ಕೇಳಿಬಂದಿತು. ಆ ನಕ್ಷೆಯು ಮುಖ್ಯವಾಗಿ ಜೀವಸಂಪತ್ತನ್ನು ಆಧರಿಸಿದ್ದು. ಇಳಿಜಾರು ಎಷ್ಟು ಭದ್ರ ಎಂಬುದನ್ನು ಅಳೆಯಲು ಸಿದ್ಧಪಡಿಸಿದ್ದಲ್ಲ. ಅದಕ್ಕಾಗಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು 1:50,000 ಪ್ರಮಾಣದಲ್ಲಿ ತಯಾರಿಸಿದ ಭೂಕುಸಿತ ನಕ್ಷೆಗಳಿವೆ. ಹೆದ್ದಾರಿಗಾಗಿ ಗುಡ್ಡ ಕಡಿಯುವಾಗ ನೋಡಬೇಕಾದದ್ದು ಅವನ್ನು.

ವಿಜ್ಞಾನದ ಅಂಕಿಯೊಂದು ಉದ್ಯಮದಲ್ಲಿ ಹೇಗೆ ನೆಲೆಯೂರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಲ್ಲಿಸಿತು. ಆಗ ಜಂಟಿ ತಂಡವೊಂದು ಗುತ್ತಿಗೆ ಗಣಿಗಳ ಗಡಿಯನ್ನು ಸ್ಥಳದಲ್ಲಿಯೇ ಅಳೆಯಿತು. ಒತ್ತುವರಿ ಎಷ್ಟೆಂಬುದರ ಮೇಲೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಗುತ್ತಿಗೆಯ ಹೊರಗೆ ತೋಡಿದ ಹೊಂಡವು ಶೇ. 10ನ್ನು ಅಥವಾ ಸುರಿದ ತ್ಯಾಜ್ಯವು ಶೇ. 15ನ್ನು ಮೀರಿದರೆ ಆ ಗಣಿ ಸಿ ವರ್ಗಕ್ಕೆ. ಅಂತಹ ಗುತ್ತಿಗೆಗಳು 2013ರಲ್ಲಿ ರದ್ದಾದವು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನಾ ಮತ್ತು ಶಿಕ್ಷಣ ಮಂಡಳಿಯು ನಡೆಸಿದ ಅಧ್ಯಯನದಂತೆ ವಾರ್ಷಿಕ ಮಿತಿಯು ಬಳ್ಳಾರಿಗೆ 2.5 ಕೋಟಿ ಟನ್, ಉಳಿದೆರಡು ಜಿಲ್ಲೆಗಳಿಗೆ 50 ಲಕ್ಷ ಟನ್ ಎಂದಾಯಿತು. ಉಕ್ಕಿನ ಕಾರ್ಖಾನೆಗಳೂ ಲಾರಿ ಮಾಲೀಕರೂ ಇದರಿಂದ ತತ್ತರಿಸಿದ್ದು ನಿಜ. ಆದರೂ ಅಂಕಿ ಎಲ್ಲಿಂದ ಬಂದಿತು, ಯಾವ ನಿಯಮದಂತೆ ಬಂದಿತು ಎಂಬುದು ಎಲ್ಲರಿಗೂ ತಿಳಿದಿತ್ತು. ಆದ್ದರಿಂದಲೇ ಅದನ್ನು ಪ್ರಶ್ನಿಸುವುದೂ ಸಾಧ್ಯವಾಯಿತು. 2022ರ ಆಗಸ್ಟ್‌ನಲ್ಲಿ ನ್ಯಾಯಾಲಯವು ಮಿತಿಗಳನ್ನು 3.5 ಕೋಟಿ ಹಾಗೂ 1.5 ಕೋಟಿ ಟನ್‌ಗಳಿಗೆ ಏರಿಸಿತು.

ಘಟ್ಟದ ವಿಷಯದಲ್ಲಿ ಇಂತಹ ಅಳತೆಯ ದಾರಿ ಹಿಡಿದದ್ದು ಕೇರಳ. ಡಾ. ಉಮ್ಮನ್ ವಿ. ಉಮ್ಮನ್ ಸಮಿತಿಯ ಮುಂದಾಳ್ತನದಲ್ಲಿ ಅಲ್ಲಿ ಗ್ರಾಮ ಗ್ರಾಮಕ್ಕೂ ಸ್ಥಳಪರಿಶೀಲನೆ ನಡೆಯಿತು. 13,108 ಚದರ ಕಿಲೋಮೀಟರ್ ಇದ್ದದ್ದು 2014ರ ಕರಡಿನಲ್ಲಿಯೇ 9,993.7ಕ್ಕೆ ಇಳಿಯಿತು. ಅದರಲ್ಲಿ ರಾಜಕೀಯ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ವಾದವು ಅಳತೆಯ ಭಾಷೆಯಲ್ಲಿತ್ತು. ಕರ್ನಾಟಕದ 20,668 ಚದರ ಕಿಲೋಮೀಟರ್ 2014ರ ಕರಡಿನಲ್ಲಿ ಎಷ್ಟಿತ್ತೋ 2024ರ ಕರಡಿನಲ್ಲಿಯೂ ಅಷ್ಟೇ ಇದೆ. ಸಾರಾಸಗಟಾಗಿ ಬೇಡವೆಂದದ್ದಕ್ಕೆ ಸಿಕ್ಕ ಪ್ರತಿಫಲವಿದು.

ವಾಣಿಜ್ಯ ಸಂಸ್ಥೆಗಳು ಮನವಿಪತ್ರ ಸಲ್ಲಿಸುವಲ್ಲಿ ತೋರುವ ಉತ್ಸಾಹವನ್ನು ಮಾಹಿತಿ ಸಂಗ್ರಹದಲ್ಲಿಯೂ ತೋರಬೇಕಾಗಿದೆ. ಕಂದಾಯ ಇಲಾಖೆಯ ಗ್ರಾಮನಕ್ಷೆಗಳಿವೆ. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವು ಬೆಂಗಳೂರಿನಲ್ಲಿಯೇ ಇದೆ. ಸರ್ವೆ ನಂಬರುವಾರು ಕಾಡೆಷ್ಟು, ತೋಟವೆಷ್ಟು, ಕ್ವಾರಿ ಎಲ್ಲಿದೆ ಎಂಬುದನ್ನು ಸ್ವತಂತ್ರ ವಿಜ್ಞಾನಿಗಳಿಂದ ಅಳೆಯಿಸಿ, ಫಲಿತಾಂಶ ಉದ್ಯಮಕ್ಕೆ ಪ್ರತಿಕೂಲವಾದರೂ ಪ್ರಕಟಿಸುವುದಾಗಿ ಮೊದಲೇ ಒಪ್ಪಿಕೊಳ್ಳಬೇಕು. ಈ ಕಾರ್ಯವನ್ನು ಒಂದೇ ತಾಲ್ಲೂಕಿನಿಂದ ಆರಂಭಿಸಬಹುದು. ಕಾಫಿ ತೋಟ, ಹೋಂಸ್ಟೇ, ಕಿರು ಜಲವಿದ್ಯುತ್ ಘಟಕ ಮತ್ತು ದಟ್ಟಾರಣ್ಯ ಒಂದಕ್ಕೊಂದು ಅಂಟಿಕೊಂಡಿರುವ ಸಕಲೇಶಪುರವು ಅದಕ್ಕೆ ತಕ್ಕ ಸ್ಥಳ.