ರಾಕ್‌ಗೆ ಕನ್ನಡ ಒಗ್ಗುತ್ತೆ ಸ್ವಾಮಿ, ಬರೆಯೋರು ಬೇಕು

ಹಂಪಿ ಬಜಾರಿನಲ್ಲಿ ಬೆನ್ನಿಗೆ ಗಿಟಾರ್ ಹಾಕಿಕೊಂಡ ಹುಡುಗರು ಸಿಗೋದು ಹೊಸದೇನಲ್ಲ. ನಮ್ಮ ಹೊಸಪೇಟೆ ಗೆಳೆಯರಲ್ಲೂ ಇಬ್ಬರು ಮೂವರು ಚೆನ್ನಾಗೇ ನುಡಿಸ್ತಾರೆ. ಕನ್ನಡದಲ್ಲಿ ಹಾಡ್ರೋ ಅಂದ್ರೆ ಮಾತ್ರ "ರಾಕ್‌ಗೆ ಕನ್ನಡ ಸೆಟ್ ಆಗಲ್ಲ ಮಗಾ" ಅನ್ನೋ ಉತ್ತರ ರೆಡಿ ಇರುತ್ತೆ.

ಆಗಲ್ವಾ? ರಘು ದೀಕ್ಷಿತ್ ಅವರನ್ನೇ ನೋಡಿ. 1974ರಲ್ಲಿ ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಮೈಕ್ರೋಬಯಾಲಜಿ, ಕಲಿತಿದ್ದು ಭರತನಾಟ್ಯ. 'ಅಂತರಾಗ್ನಿ' ಅಂತ ಬ್ಯಾಂಡ್ ಕಟ್ಟಿದರು, ಅದು ಚದುರಿದ ಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಶುರು ಮಾಡಿದರು. ಮೊದಲ ಆಲ್ಬಂ ಬಂದಿದ್ದು 2008ರಲ್ಲಿ, ಅದೂ ಮುಂಬೈನ ವಿಶಾಲ್-ಶೇಖರ್ ಕೈಹಿಡಿದ ಮೇಲೆ. ಅಷ್ಟೊತ್ತಿಗೆ ಅವರಿಗೆ 33 ವರ್ಷ! ಆಮೇಲೆ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡೇ ಹೋದರು.

ಆ ಮೊದಲ ಆಲ್ಬಂನಲ್ಲಿ ಜನ ಇವತ್ತಿಗೂ ಗುನುಗೋ ಕನ್ನಡ ಹಾಡು ಎರಡು: 'ಗುಡುಗುಡಿಯಾ' ಮತ್ತು 'ಸೋರುತಿಹುದು'. ಎರಡೂ 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರವು. ಸಿ. ಅಶ್ವಥ್ ದನಿಯಲ್ಲಿ ಕೇಳಿ ಬೆಳೆದವರು "ತತ್ವಪದ ಕೆಡಿಸಿಬಿಟ್ಟ" ಅಂತ ಗೊಣಗಿದ್ದನ್ನು ನಾನೂ ಕೇಳಿದ್ದೀನಿ. ನನಗೆ ಹಾಗನ್ನಿಸಲ್ಲ. ದೇಹವನ್ನೇ ಹುಕ್ಕಾ ಅಂದವರ ಪದಕ್ಕೆ ಗಿಟಾರ್ ಯಾವ ಲೆಕ್ಕ? :)

ನನ್ನ ತಕರಾರು ಬೇರೆ. ಇಷ್ಟು ಗಟ್ಟಿ ದನಿಗೂ ಕನ್ನಡದ ಸಾಲು ಬೇಕಾದಾಗ ನೂರು ವರ್ಷ ಹಿಂದಕ್ಕೆ ಹೋಗಬೇಕಾಯಿತಲ್ಲ, ಯಾಕೆ? ಈ ಕಾಲದ ಮಾತನ್ನು ಬರೆದುಕೊಡೋರು ಎಲ್ಲಿದ್ದರು?

ಚೆಕ್ ಭಾಷೆ ಆಡೋರು ಸುಮಾರು ಒಂದು ಕೋಟಿ. ಅಲ್ಲಿನ 'ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್' ಬ್ಯಾಂಡ್ ಮೊದಲು ಇಂಗ್ಲಿಷಿನಲ್ಲೇ ಹಾಡ್ತಿತ್ತು. ಆಮೇಲೆ ತಮ್ಮದೇ ಕಾಲದ ಕವಿ ಎಗೊನ್ ಬೊಂಡಿಯ ಚೆಕ್ ಪದ್ಯ ಎತ್ತಿಕೊಂಡರು. 1976ರಲ್ಲಿ ಸರ್ಕಾರ ಅವರನ್ನು ಹಿಡಿದು ಜೈಲಿಗೆ ಹಾಕಿತು. ಆ ಸಿಟ್ಟೇ 1977ರಲ್ಲಿ ವಾಕ್ಲಾವ್ ಹಾವೆಲ್ ಮತ್ತವರ ಜೊತೆಗಾರರ 'ಚಾರ್ಟರ್ 77' ಹುಟ್ಟೋಕೆ ಒಂದು ಕಾರಣವಾಯ್ತು. ನಾವು 2011ರ ಜನಗಣತಿಯಲ್ಲೇ ನಾಲ್ಕು ಕೋಟಿ ದಾಟಿದವರು. ನಮಗೆ ಜೈಲಿನ ಭಯವೂ ಇಲ್ಲ, ಬರೀ ಸಂಕೋಚ.

ವಿಠ್ಠಲನ ಗುಡಿ ಹತ್ತಿರ, ಹೊಳೆ ದಂಡೆಯಲ್ಲಿ ಪುರಂದರ ಮಂಟಪ ಇದೆಯಲ್ಲ, ಆ ದಾಸರೂ ಹಳೆಯವರ ಪದ ಹಾಡಿ ಸುಮ್ಮನಾಗಲಿಲ್ಲ. ತಮ್ಮ ಕಾಲದ ಮಾತಲ್ಲಿ ತಾವೇ ಕಟ್ಟಿದರು.

ಬ್ಲಾಗಲ್ಲಿ ಕವನ ಬರೆಯೋ ಗೆಳೆಯರೇ, ಮುಂದಿನ ಕವನವನ್ನು ಗಿಟಾರ್ ಹುಡುಗನೊಬ್ಬನ ಕೈಗೆ ಕೊಟ್ಟು ನೋಡಿ. ಏನಂತೀರಿ?